ಮೈನರ್ ಯಾವ್ದು ತಗೊಳ್ಲಿ ಅಂತ ಕೇಳಿದವರಿಗೆ

ಪದವಿಯಲ್ಲಿ ಮೇಜರ್, ಅಂದರೆ ಮುಖ್ಯ ವಿಷಯ, ಯಾವುದಿರಬೇಕು ಎಂಬುದಕ್ಕೆ ಮನೆಯಲ್ಲಿ ವಾರಗಟ್ಟಲೆ ಪಂಚಾಯ್ತಿ ನಡೆಯುತ್ತದೆ. ಅಪ್ಪ ಒಂದು ಹೇಳುತ್ತಾರೆ, ಬೆಂಗಳೂರಿನ ಮಾಮಾ ಫೋನಿನಲ್ಲಿ ಇನ್ನೊಂದು ಹೇಳುತ್ತಾನೆ, ಪಿಯುಸಿಗೆ ಟ್ಯೂಷನ್ ಹೇಳಿದ ಸರ್ ಮೂರನೆಯದು. ಮೈನರ್, ಅಂದರೆ ಅದರ ಜೊತೆಗೆ ಕಡಿಮೆ ಪಾಲಿನಲ್ಲಿ ಓದುವ ಎರಡನೇ ವಿಷಯದ ಮಾತು ಬಂದರೆ ಆ ಪಂಚಾಯ್ತಿ ಐದು ನಿಮಿಷವೂ ನಡೆಯುವುದಿಲ್ಲ. ಕಲಬುರಗಿಯಲ್ಲಿ ನಾನು ಕಂಡಂತೆ ಅದನ್ನು ಭಾಳ ಸಲ ತೀರ್ಮಾನಿಸುವವನು ಕಾಲೇಜಿನ ಎದುರಿನ ಆನ್‌ಲೈನ್ ಸೆಂಟರಿನ ಹುಡುಗ. ಪದವಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲ್ ತೆರೆದಿರುತ್ತದೆ, ಹಿಂದೆ ಸಾಲು ನಿಂತಿರುತ್ತದೆ, ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. "ಇದ್ರಾಗ ಯಾವ್ದು ಹಾಕ್ಲಿ?" ಅಂತ ಅವನು ಕೇಳುತ್ತಾನೆ. "ಎಲ್ಲಾರೂ ಯಾವ್ದು ಹಾಕ್ಯಾರ ಅದೇ ಹಾಕ್ರಿ ಅಣ್ಣಾ." ಮುಗಿಯಿತು.

ನಾನು ಇಲ್ಲಿನ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಪ್ರವೇಶದ ಸಮಯದಲ್ಲಿ ಟೇಬಲ್ ಹಾಕಿಕೊಂಡು ಕೂರುವ ಕೆಲಸ ಸಾಮಾನ್ಯವಾಗಿ ನಮ್ಮಂಥವರ ಪಾಲಿಗೇ ಬರುತ್ತದೆ. ಹಾಗಾಗಿ ಈ ಪ್ರಶ್ನೆಯನ್ನು ಕೇಳಿಸಿಕೊಂಡಷ್ಟು ನಾನು ಬೇರೆ ಯಾವ ಪ್ರಶ್ನೆಯನ್ನೂ ಕೇಳಿಸಿಕೊಂಡಿಲ್ಲ. ಪ್ರತಿ ಸಲ ನಿಂತ ಕಾಲಲ್ಲೇ ಉತ್ತರ ಕೊಡಬೇಕಾಗುತ್ತದೆ. ಕೂತು ಕೊಡಬೇಕಾದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಯಮದ ಮಾತು ಮುಗಿಸಿಬಿಡೋಣ, ಯಾಕೆಂದರೆ ಅರ್ಧ ಗೊಂದಲ ಅಲ್ಲೇ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು (ಎನ್‌ಇಪಿ) ಕರ್ನಾಟಕ 2021-22ರಲ್ಲಿ ಪದವಿ ತರಗತಿಗಳಿಗೆ ತಂದಿತು. ಮೊದಲ ಎರಡು ವರ್ಷ ಎರಡು ವಿಷಯ ಸರಿಸಮ. ಮೂರನೇ ವರ್ಷಕ್ಕೆ ಬಂದಾಗ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಮಾಡಿಕೊಳ್ಳಬೇಕು, ಇಲ್ಲವೇ ಎರಡನ್ನೂ ಮೇಜರ್ ಆಗಿಯೇ ಇಟ್ಟುಕೊಳ್ಳಬೇಕು. 2023ರಲ್ಲಿ ಸರ್ಕಾರ ಬದಲಾಯಿತು, ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು, 2024-25ರಿಂದ ಮೂರು ವರ್ಷದ ಪದವಿಯೂ ಮೂರು ವಿಷಯದ ಕಾಂಬಿನೇಶನ್ನೂ ಮರಳಿ ಬಂದವು. ಹೀಗಾಗಿ ಕೆಲವು ಕಾಲ ಒಂದೇ ವರಾಂಡದಲ್ಲಿ ಎರಡು ಪದ್ಧತಿಯ ಹುಡುಗರು ಓಡಾಡಿದರು. ಒಬ್ಬನಿಗೆ ಮೈನರ್ ಇತ್ತು, ಅವನ ತಮ್ಮನಿಗೆ ಇಲ್ಲ. ಆದರೆ ತಮ್ಮನಿಗೂ "ಮೂರನೇದು ಯಾವ್ದು" ಎಂಬ ಪ್ರಶ್ನೆ ಇದ್ದೇ ಇದೆ. ಹೆಸರು ಬೇರೆಯಾದರೂ ಅದೇ ಪ್ರಶ್ನೆ.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಚೌಕಟ್ಟಿನಲ್ಲಿ ನಡೆಯುವ ಕಡೆಗಳಲ್ಲಿ ಮೈನರ್ ಗಟ್ಟಿಯಾಗಿಯೇ ಉಳಿದಿದೆ. ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಿಂದ ಇರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಪ್ರವೇಶ ಪರೀಕ್ಷೆ ಬರೆದು ಸೇರುವ ನಮ್ಮ ಕಡೆಯ ಮಕ್ಕಳು ಈಗ ಇದನ್ನೇ ಕೇಳಿಕೊಂಡು ಫೋನ್ ಮಾಡುತ್ತಾರೆ. 2022ರ ಡಿಸೆಂಬರ್‌ನಲ್ಲಿ ಯುಜಿಸಿ ಹೊರಡಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಯ 120 ಕ್ರೆಡಿಟ್‌ಗಳಲ್ಲಿ 24, ನಾಲ್ಕು ವರ್ಷದ 160ರಲ್ಲಿ 32 ಮೈನರ್‌ಗೆ ಮೀಸಲು. ಎರಡರಲ್ಲೂ ಐದರಲ್ಲಿ ಒಂದು ಪಾಲು. ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 15 ಗಂಟೆ ಪಾಠ. 24 ಕ್ರೆಡಿಟ್ ಅಂದರೆ 360 ಗಂಟೆ. ಆನ್‌ಲೈನ್ ಸೆಂಟರಿನಲ್ಲಿ "ಎಲ್ಲಾರೂ ಯಾವ್ದು ಹಾಕ್ಯಾರ" ಅಂದವರು 360 ಗಂಟೆಗಳನ್ನು ಪರರ ಕೈಗೆ ಕೊಟ್ಟಿರುತ್ತಾರೆ.

ಆಯ್ಕೆ ನಿಜವಾಗಿ ಹೇಗೆ ಆಗುತ್ತದೆ ಎಂಬುದನ್ನೂ ಬಿಚ್ಚಿ ಹೇಳಬೇಕು. ಮಾರ್ಗದರ್ಶನದ ಪುಸ್ತಿಕೆಗಳಲ್ಲಿ "ನಿಮ್ಮ ಆಸಕ್ತಿಗೆ ಅನುಗುಣವಾಗಿ" ಅಂತ ಅಚ್ಚಾಗಿರುತ್ತದೆ. ಆಸಕ್ತಿಯ ಸರದಿ ಬರುವ ಹೊತ್ತಿಗೆ ಬೇರೆ ಮೂರು ನಾಲ್ಕು ಸಂಗತಿಗಳು ತಮ್ಮ ಕೆಲಸ ಮುಗಿಸಿರುತ್ತವೆ.

ಅದರಲ್ಲಿ ಒಂದು, ಮೇಷ್ಟ್ರುಗಳ ಕಾರ್ಯಭಾರ. ಒಂದು ವಿಷಯಕ್ಕೆ ಹುಡುಗರು ಕಡಿಮೆಯಾದರೆ ತರಗತಿಗಳು ಕಡಿಮೆಯಾಗುತ್ತವೆ. ತರಗತಿ ಕಡಿಮೆಯಾದರೆ ಪರ್ಮನೆಂಟ್ ಇದ್ದವರಿಗೆ ವರ್ಗಾವಣೆಯ ಭಯ, ಅತಿಥಿಗಳಿಗೆ ಕೆಲಸವೇ ಇಲ್ಲ. ಆದ್ದರಿಂದ ಜೂನ್‌ನಲ್ಲಿ ವಿಭಾಗ ವಿಭಾಗದ ಬಾಗಿಲಲ್ಲಿ ಕೇಳಿಬರುವ "ನಮ್ ಸಬ್ಜೆಕ್ಟ್ ಭಾಳ ಈಜಿ ಅದ, ಎಪ್ಪತ್ತರ ಕೆಳಗ ಯಾರಿಗೂ ಬರಲ್ಲ" ಎಂಬ ಉಪದೇಶದಲ್ಲಿ ವಿದ್ಯಾರ್ಥಿಯ ಹಿತಕ್ಕಿಂತ ಮೇಷ್ಟ್ರ ಹಿತ ಒಂದು ಗುಂಜಿ ಹೆಚ್ಚಿರುತ್ತದೆ. ನಾನೂ ಅದೇ ಬಾಗಿಲಲ್ಲಿ ನಿಂತವಳು. ನನ್ನ ಮಾತನ್ನೂ ಆ ಅನುಮಾನ ಇಟ್ಟುಕೊಂಡೇ ಓದಿ.

ಇನ್ನೊಂದು, ಬಸ್ಸು. ಇದನ್ನು ಯಾವ ಶಿಕ್ಷಣ ತಜ್ಞರೂ ಬರೆದದ್ದು ನಾನು ಓದಿಲ್ಲ. ನಮ್ಮ ಕಾಲೇಜಿನ ಹೆಣ್ಣುಮಕ್ಕಳಲ್ಲಿ ಭಾಳ ಮಂದಿ ಜೇವರ್ಗಿ, ಅಫಜಲಪುರ, ಚಿತ್ತಾಪುರ ಕಡೆಯ ಹಳ್ಳಿಗಳಿಂದ ದಿನಾ ಬಂದು ಹೋಗುವವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಖರ್ಚು ತಪ್ಪಿತು, ಹಾಸ್ಟೆಲ್ ಸಿಗದವರೂ ಕಾಲೇಜಿಗೆ ಬರುವಂತಾಯಿತು. ಖರೇನೇ ದೊಡ್ಡ ಉಪಕಾರ. ಆದರೆ ಊರಿಗೆ ಹೋಗುವ ಕಡೆಯ ಬಸ್ಸಿನ ಹೊತ್ತು ಯಾರ ಆಸಕ್ತಿಯನ್ನೂ ಕೇಳುವುದಿಲ್ಲ. ಟೈಮ್‌ಟೇಬಲ್ ಹಾಕುವಾಗ ಮೇಜರ್ ತರಗತಿಗಳು ಬೆಳಗಿನ ಹೊತ್ತು ಹಿಡಿದುಕೊಳ್ಳುತ್ತವೆ, ಮೈನರ್ ಕೊನೆಯ ಪೀರಿಯಡ್‌ಗೆ ಬಂದು ಬೀಳುತ್ತದೆ. ಸಂಖ್ಯಾಶಾಸ್ತ್ರ ನಾಲ್ಕು ಗಂಟೆಗೆ ಇದೆ ಎಂದು ಗೊತ್ತಾದ ಕೂಡಲೇ ಅದು ಊರಿನ ಹುಡುಗಿಯರ ಪಟ್ಟಿಯಿಂದ ತಾನಾಗಿಯೇ ಬಿಟ್ಟುಹೋಗುತ್ತದೆ. ಫಾರ್ಮಿನಲ್ಲಿ ಅವರು ಬೇರೆ ವಿಷಯ ತುಂಬುತ್ತಾರೆ, ದಾಖಲೆಯಲ್ಲಿ "ಸಂಖ್ಯಾಶಾಸ್ತ್ರಕ್ಕೆ ಬೇಡಿಕೆ ಇಲ್ಲ" ಎಂದಾಗುತ್ತದೆ. ಒಂದು ವರ್ಷ ಜೇವರ್ಗಿ ಕಡೆಯ ಕೆಲವು ಹುಡುಗಿಯರು ಸೇರಿ ಅರ್ಜಿ ಬರೆದರು: ಸಂಖ್ಯಾಶಾಸ್ತ್ರವನ್ನು ಮುಂಜಾನೆಗೆ ಹಾಕಿರಿ, ನಾವು ಓದುತ್ತೇವೆ. ಪ್ರಿನ್ಸಿಪಾಲರು ಮೊದಲು ಆಗಲ್ಲ ಅಂದರು. ಹುಡುಗಿಯರು ಬಿಡಲಿಲ್ಲ, ಮತ್ತೆ ಬರೆದರು. ಕೊನೆಗೆ ಮೊದಲ ಪೀರಿಯಡ್ ಸಿಕ್ಕಿತು. ಪಾಠ ಮಾಡುವ ಸರ್ ಮಾತ್ರ ವರ್ಷವಿಡೀ "ಈ ಹುಡುಗ್ಯಾರ ಸಲುವಾಗಿ ನನ್ ನಾಷ್ಟಾ ತಪ್ಪಿತು" ಅಂತ ಸ್ಟಾಫ್ ರೂಮಿನಲ್ಲಿ ಗೊಣಗುತ್ತಿದ್ದರು.

ಗೆಳೆಯರ ಕೂಡ ಒಂದೇ ಬೆಂಚಿನಲ್ಲಿ ಕೂರಬೇಕೆಂಬ ಕಾರಣವನ್ನು ನಾನು ಅಷ್ಟು ಹಗುರವಾಗಿ ತಗೊಳ್ಳುವುದಿಲ್ಲ. ಹದಿನೆಂಟು ವರ್ಷಕ್ಕೆ ಊರು ಬಿಟ್ಟು ಬಂದವರಿಗೆ ಜೊತೆ ಬೇಕು. ನೋಟ್ಸು ಹಂಚಿಕೊಳ್ಳಲಾದರೂ ಬೇಕು. ಅಂಕ ಸಿಗುತ್ತದೆಂಬ ಕಾರಣ ಮಾತ್ರ ಟೊಳ್ಳು. ಈಜಿ ಅಂತ ತಗೊಂಡ ವಿಷಯದ ಇಂಟರ್ನಲ್ಸ್‌ಗೆ ಓದಲು ಕೂತಾಗ ಬರುವ ಬೇಸರ ಎಷ್ಟಿರುತ್ತದೆಂದರೆ, ಈಜಿ ವಿಷಯದಲ್ಲೇ ಬ್ಯಾಕ್ ಉಳಿಸಿಕೊಂಡವರನ್ನು ಪ್ರತಿ ವರ್ಷ ನೋಡುತ್ತೇನೆ.

ನಾನು ಹೇಳಬೇಕೆಂದಿರುವುದು ಇಷ್ಟು. ಮೇಜರ್ ಯಾವ ಬಗೆಯ ಸಾಕ್ಷಿಯ ಮೇಲೆ ನಿಂತಿದೆಯೋ, ಮೈನರ್ ಅದಕ್ಕಿಂತ ಬೇರೆ ಬಗೆಯ ಸಾಕ್ಷಿಯನ್ನು ಓದಲು ಕಲಿಸುವಂಥದ್ದಿರಲಿ. ಮಾತಿನ ಮೇಲೆ ನಿಂತ ವಿಷಯ ಓದುವವರು ಅಂಕಿಯನ್ನೋ ನಕ್ಷೆಯನ್ನೋ ಓದುವುದು ಕಲಿಯಲಿ. ಅಂಕಿಯ ವಿಷಯ ಓದುವವರು ಕಾಗದಪತ್ರ ಅಥವಾ ಭಾಷೆ ಓದುವುದು ಕಲಿಯಲಿ. ಅರ್ಥಶಾಸ್ತ್ರಕ್ಕೆ ಸಮಾಜಶಾಸ್ತ್ರ, ಸಮಾಜಶಾಸ್ತ್ರಕ್ಕೆ ರಾಜ್ಯಶಾಸ್ತ್ರ ಅಂತ ಜೋಡಿಸಿದರೆ ತಪ್ಪೇನಿಲ್ಲ. ಆದರೆ ಊಟದ ತಾಟಿನಲ್ಲಿ ಶೇಂಗಾ ಹಿಂಡಿಯ ಪಕ್ಕಕ್ಕೆ ಮತ್ತೊಂದು ಹಿಂಡಿ ಬಡಿಸಿದ ಹಾಗೆ, ರೊಟ್ಟಿ ಬರಲೇ ಇಲ್ಲವಲ್ಲ ಅನ್ನಿಸುತ್ತದೆ.

ಯುಜಿಸಿಯ ಚೌಕಟ್ಟಿನಲ್ಲೇ ಉದಾಹರಣೆಗೆ ಕೊಟ್ಟಿರುವುದು ನನ್ನ ವಿಷಯವನ್ನೇ: ಅರ್ಥಶಾಸ್ತ್ರ ಮೇಜರ್ ಇರುವವರು ಮೈನರ್‌ನ ಆ ಕ್ರೆಡಿಟ್‌ಗಳ ಪೈಕಿ ಕನಿಷ್ಠ 12 ಸಂಖ್ಯಾಶಾಸ್ತ್ರದಲ್ಲಿ ಮಾಡಿದರೆ ಪದವಿಯ ಮೇಲೆ "ಸಂಖ್ಯಾಶಾಸ್ತ್ರ ಮೈನರ್" ಅಂತ ಬರುತ್ತದೆ. ಆ ಜೋಡಿ ಏನು ಮಾಡಬಲ್ಲದು ಎಂಬುದನ್ನು ಒಂದು ಪ್ರಾಜೆಕ್ಟಿನಲ್ಲಿ ಕಣ್ಣಾರೆ ನೋಡಿದೆ.

ವಿಷಯ ನಮ್ಮದೇ ತೊಗರಿ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿಯ ಬಗ್ಗೆ ನಮ್ಮ ಹುಡುಗರು ಬರೆಯುವ ಪ್ರಾಜೆಕ್ಟುಗಳಿಗೆ ಲೆಕ್ಕವಿಲ್ಲ. ಎಲ್ಲದರಲ್ಲೂ ಒಂದು ಕೋಷ್ಟಕ: ಎಪಿಎಂಸಿಯಲ್ಲಿ ತಿಂಗಳುವಾರು ದರ, ಕೆಳಗೆ ಹನ್ನೆರಡು ತಿಂಗಳ ಸರಾಸರಿ, ಪಕ್ಕದಲ್ಲಿ ಬೆಂಬಲ ಬೆಲೆ. ಸರಾಸರಿ ಬೆಂಬಲ ಬೆಲೆಗಿಂತ ಮೇಲಿದ್ದರೆ "ರೈತರಿಗೆ ಉತ್ತಮ ಬೆಲೆ ದೊರೆತಿದೆ" ಎಂದು ತೀರ್ಮಾನ. ಸಂಖ್ಯಾಶಾಸ್ತ್ರವನ್ನು ಜೊತೆಗೆ ಓದುತ್ತಿದ್ದ ಒಬ್ಬ ಹುಡುಗಿ ಆ ಕೋಷ್ಟಕಕ್ಕೆ ಇನ್ನೊಂದು ಕಾಲಂ ಸೇರಿಸಿದಳು: ಆಯಾ ತಿಂಗಳು ಮಾರುಕಟ್ಟೆಗೆ ಬಂದ ಆವಕ. ಅಷ್ಟೇ. ಅದರಿಂದ ಪ್ರಾಜೆಕ್ಟಿನ ತೀರ್ಮಾನ ತಿರುಗಿಬಿತ್ತು.

ಯಾಕೆಂದು ಒಂದು ಕಲ್ಪಿತ ಲೆಕ್ಕದಲ್ಲಿ ಹೇಳುತ್ತೇನೆ. ರಾಶಿ ಮುಗಿದು ಮಾಲು ಬರುವ ಜನವರಿಯಲ್ಲಿ 90 ಕ್ವಿಂಟಲ್ ಮಾರಾಟವಾಯಿತು, ದರ 7,000 ರೂಪಾಯಿ. ಮಾಲು ತೀರಿದ ಜುಲೈನಲ್ಲಿ 10 ಕ್ವಿಂಟಲ್, ದರ 10,000. ಎರಡು ದರ ಕೂಡಿಸಿ ಎರಡರಿಂದ ಭಾಗಿಸಿದರೆ 8,500 ಬರುತ್ತದೆ. ಎಷ್ಟು ಮಾಲು ಯಾವ ದರಕ್ಕೆ ಹೋಯಿತು ಅಂತ ಹಿಡಿದು ಲೆಕ್ಕ ಹಾಕಿದರೆ 7,300. 2024-25ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ಇತ್ತು. ಮೊದಲ ಲೆಕ್ಕದ ಪ್ರಕಾರ ರೈತ ಬೆಂಬಲ ಬೆಲೆಯ ಮೇಲಿದ್ದಾನೆ. ಎರಡನೆಯದರ ಪ್ರಕಾರ ಕೆಳಗಿದ್ದಾನೆ. ಜುಲೈನ 10,000 ಸಿಕ್ಕಿದ್ದು ಗೋದಾಮಿನಲ್ಲಿ ಮಾಲು ಇಟ್ಟುಕೊಳ್ಳಲು ತಾಕತ್ತಿದ್ದವರಿಗೆ, ಸಾಲ ತೀರಿಸಲು ಸಂಕ್ರಾಂತಿಯೊಳಗೆ ಮಾರಿದವರಿಗೆ ಅಲ್ಲ. ತೂಕ ಹಾಕಿದ ಸರಾಸರಿ ಎಂಬುದು ಸಂಖ್ಯಾಶಾಸ್ತ್ರದ ಮೊದಲ ಕೆಲವು ವಾರಗಳ ಪಾಠ, ಅದರಲ್ಲಿ ದೊಡ್ಡ ಗಣಿತವೇನೂ ಇಲ್ಲ. ಅರ್ಥಶಾಸ್ತ್ರ ಮಾತ್ರ ಓದಿದವರಿಗೂ ಅದು ಸಿಲೆಬಸ್ಸಿನಲ್ಲಿ ಇರುತ್ತದೆ, ಪರೀಕ್ಷೆಗೆ ಓದಿ ಮರೆತಿರುತ್ತಾರೆ. ವಾರಕ್ಕೆ ಕೆಲವು ತಾಸು ಅದನ್ನೇ ಮಾಡುತ್ತಿದ್ದವಳಿಗೆ ಕೋಷ್ಟಕ ನೋಡಿದ ಕೂಡಲೇ ಕೈ ಕಾಲಂ ಎಳೆಯಲು ಹೋಯಿತು.

ಇನ್ನೊಂದು ಜೋಡಿ ಇತಿಹಾಸ ಮತ್ತು ಉರ್ದು. ಇದಕ್ಕೆ ಸೇರಿಸಬೇಕಾದ ಹಿನ್ನೆಲೆ ಇದೆ. ಕಲಬುರಗಿ, ಬೀದರ, ಯಾದಗಿರಿ ಸೀಮೆ 1948ರ ಸೆಪ್ಟೆಂಬರ್ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಸಂಸ್ಥಾನದ ಆಡಳಿತ ಭಾಷೆ ಉರ್ದು. ಹಾಗಾಗಿ ನಮ್ಮ ಹಳ್ಳಿಗಳಲ್ಲಿ ಕನ್ನಡವೇ ಮನೆಮಾತಾದ ರೈತರ ಟ್ರಂಕಿನಲ್ಲೂ ಜಮೀನಿನ ಕಾಗದ ಉರ್ದುವಿನಲ್ಲಿರುತ್ತದೆ. ಕಲಬುರಗಿಯವರಿಗೆ ಆ ಭಾಷೆ ಕಿವಿಗೆ ಪರಕೀಯವಲ್ಲ. ಸೂಪರ್ ಮಾರ್ಕೆಟ್ಟಿನ ದುಕಾನ್‌ಗಳಲ್ಲಿ, ಬಂದೇ ನವಾಜ್ ದರ್ಗಾದ ಓಣಿಯಲ್ಲಿ ಎಲ್ಲ ಜಾತಿಯವರೂ ದಖನಿ ಉರ್ದುವಿನಲ್ಲಿ ಚೌಕಾಸಿ ಮಾಡುತ್ತಾರೆ. ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅದರಲ್ಲೂ ಹಳೆಯ ಗುಮಾಸ್ತರ ಅಕ್ಷರ ಒಂದಕ್ಕೊಂದು ಹೊಸೆದುಕೊಂಡಿರುತ್ತದೆ, ಅಚ್ಚಿನ ಉರ್ದು ಓದುವವರೂ ಅಲ್ಲಿ ತಡವರಿಸುತ್ತಾರೆ.

ಇತಿಹಾಸದ ಒಬ್ಬ ವಿದ್ಯಾರ್ಥಿನಿ ಉರ್ದು ತಗೊಂಡಾಗ ಮನೆಯಲ್ಲಿ ಗದ್ದಲವೇ ಆಯಿತಂತೆ. "ಅದನ್ನ ಓದಿ ಏನ್ ಮಾಡ್ತಿ?" ಅಂತ ಅವಳ ಅಜ್ಜ. ಎರಡನೇ ವರ್ಷದ ರಜೆಯಲ್ಲಿ ಅದೇ ಅಜ್ಜ ಟ್ರಂಕಿನಿಂದ ಒಂದು ಕಾಗದ ತೆಗೆದುಕೊಟ್ಟರು. ಅವಳು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಸ್ಟಾಫ್ ರೂಮಿಗೆ ತಂದಳು. ಮಡಿಕೆಯ ಗೆರೆಗಳ ಮೇಲೆ ಕಾಗದ ಹರಿದಿತ್ತು, ಮೇಲುಗಡೆ ಸಂಸ್ಥಾನದ ಛಾಪಾ, ಕೆಳಗೆ ಮೂರು ಹೆಬ್ಬೆಟ್ಟು. ತಾರೀಖು ಓದುವುದರಲ್ಲೇ ಅರ್ಧ ಗಂಟೆ ಹೋಯಿತು, ಯಾಕೆಂದರೆ ಅದು ಫಸಲಿ, ಅಂದರೆ ಕಂದಾಯದ ವರ್ಷ: 1340, ಬಹಮನ್ ತಿಂಗಳು. ಹೈದರಾಬಾದಿನ ಫಸಲಿ ಅಕ್ಟೋಬರ್ ಮೊದಲ ವಾರದಲ್ಲಿ ಶುರುವಾಗುತ್ತದೆ. ಆದ್ದರಿಂದ ಡಿಸೆಂಬರ್ ತನಕ 590, ಆಮೇಲೆ 591 ಕೂಡಿಸಿದರೆ ಇಸವಿ ಸಿಗುತ್ತದೆ. ಬಹಮನ್ ಮೂರನೇ ತಿಂಗಳು. ಅಂದರೆ 1930ರ ಡಿಸೆಂಬರ್ ಸುಮಾರು. ಇದು ಇತಿಹಾಸದ ಕ್ಲಾಸಿನಲ್ಲಿ ಕಲಿತ ಲೆಕ್ಕ. ಕಾಗದದ ಒಡಲು ಓದಿದ್ದು ಉರ್ದು ಕ್ಲಾಸಿನ ಬಲದ ಮೇಲೆ. ಎರಡೂ ಸೇರಿ ಗೊತ್ತಾದದ್ದೇನೆಂದರೆ, ಮನೆಯವರು ಇಷ್ಟು ವರ್ಷ ಖರೀದಿ ಪತ್ರ ಅಂತ ನಂಬಿಕೊಂಡಿದ್ದು ಅಡವಿಟ್ಟ ಪತ್ರ. ಅಜ್ಜನಿಗೆ ಖುಷಿಯಾಗಲಿಲ್ಲ. "ನಿನ್ನ ಓದು ಮನಿಗಿ ಬಂದು ಕುಂತದ" ಅಂದರಂತೆ. ಆ ಹೊಲದ ಮುಂದಿನ ಕಥೆ ಅವರ ಮನೆಯ ವಿಚಾರ. ಆದರೆ ಹೈಕೋರ್ಟ್ ಪೀಠವೇ ಇರುವ ಈ ಊರಿನಲ್ಲಿ ಹೀಗೆ ಓದಬಲ್ಲ ಕಾನೂನು ವಿದ್ಯಾರ್ಥಿಗೆ ಕೆಲಸ ಇಲ್ಲ ಎಂದು ಯಾರೂ ನನ್ನನ್ನು ನಂಬಿಸಲಾರರು.

ಇಂಥ ಜೋಡಣೆ ಎನ್‌ಇಪಿ ತಂದ ಹೊಸತು ಅಂತ ಕೆಲವರು, ಪಶ್ಚಿಮದ ನಕಲು ಅಂತ ಕೆಲವರು ಹೇಳುವುದನ್ನು ಕೇಳಿದಾಗ ನನಗೆ ಚಿತ್ತಾಪುರದ ಪಕ್ಕದ ನಾಗಾವಿ ನೆನಪಾಗುತ್ತದೆ. ಅಲ್ಲಿನ ಘಟಿಕಾಸ್ಥಾನದ, ಅಂದರೆ ಆ ಕಾಲದ ಉನ್ನತ ವಿದ್ಯಾಕೇಂದ್ರದ, 1058ರ ಶಾಸನದಲ್ಲಿ ವೇದ ಓದುವ 200 ಮಂದಿಗೂ ಶಾಸ್ತ್ರ ಓದುವ 50 ಮಂದಿಗೂ ವ್ಯವಸ್ಥೆ ಮಾಡಿದ ವಿವರ ಇದೆ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಶಾಸ್ತ್ರದ ಮೂವರು ಹೇಳುತ್ತಿದ್ದದ್ದು ನ್ಯಾಯ (ತರ್ಕಶಾಸ್ತ್ರ), ಭಾಟ್ಟ, ಪ್ರಾಭಾಕರ. ಕೊನೆಯ ಎರಡು ವೇದದ ಅರ್ಥ ವಿಚಾರಿಸುವ ಮೀಮಾಂಸೆಯೊಳಗೇ ಒಂದಕ್ಕೊಂದು ಎದುರು ನಿಂತ ಪಂಥಗಳು. ಎರಡನ್ನೂ ಒಂದೇ ಅಂಗಳದಲ್ಲಿ ಕಲಿಸಲು ಸಂಬಳ ಗೊತ್ತುಮಾಡಿದ್ದರು. ಇನ್ನು ಪುಸ್ತಕ ಭಂಡಾರ ನೋಡಿಕೊಳ್ಳುವವರು ಆರು ಮಂದಿ, ಅಂದರೆ ಉಪಾಧ್ಯಾಯರಷ್ಟೇ. ನಮ್ಮ ಇಂದಿನ ಕಾಲೇಜುಗಳ ಗ್ರಂಥಪಾಲಕರ ಹುದ್ದೆಗಳ ಸ್ಥಿತಿ ಬಲ್ಲವರು ಈ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಬಹುದು.

"ಗಣಿತ ನಮ್ ವಿಷಯಕ್ಕ ಎಲ್ಲಿ ಬರ್ತದ್ರಿ?" ಅಂತ ಕೇಳುವವರಿಗೆ ಇನ್ನೊಂದು ಹಳೆಯ ಸಾಕ್ಷಿ. ಸೇಡಂ ತಾಲ್ಲೂಕಿನ ಮಳಖೇಡವನ್ನು ರಾಜಧಾನಿ ಮಾಡಿಕೊಂಡಿದ್ದ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದ ಆರಂಭದಲ್ಲೇ ಲೆಕ್ಕ ಎಲ್ಲೆಲ್ಲಿ ಬೇಕು ಎಂಬುದರ ಪಟ್ಟಿ ಇದೆ. ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ಕಾವ್ಯ, ವ್ಯಾಕರಣ, ಕಾಮಶಾಸ್ತ್ರ ಎಲ್ಲ ಅದರಲ್ಲಿವೆ. ಆಚಾರ್ಯರು ತಮ್ಮ ವಿಭಾಗದ ಬಾಗಿಲಲ್ಲಿ ನಿಂತು ಪ್ರವೇಶ ಹೆಚ್ಚಿಸುತ್ತಿದ್ದರೋ ಏನೋ! ಆದರೂ ಪಟ್ಟಿಯಲ್ಲಿ ತಪ್ಪು ಹುಡುಕುವುದು ಕಷ್ಟ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಜೊತೆಗೆ ಬಂದ ಅಪ್ಪಂದಿರು ಕೇಳುವುದು ಒಂದೇ: "ಅದು ತಗೊಂಡ್ರ ನೌಕ್ರಿ ಸಿಗ್ತದೇನ್ರಿ ಮೇಡಂ?" ಈ ಪ್ರಶ್ನೆಗೆ ಮುಖ ಸಿಂಡರಿಸುವ ಸಹೋದ್ಯೋಗಿಗಳಿದ್ದಾರೆ. ನನಗೆ ಅದು ಅತ್ಯಂತ ನ್ಯಾಯವಾದ ಪ್ರಶ್ನೆ. ಹೊಲ ಬಿಟ್ಟು, ದಿನಗೂಲಿ ಬಿಟ್ಟು ಮಗಳ ಜೊತೆ ಬಂದು ನಿಂತವರಿಗೆ ಜ್ಞಾನದ ಮಹಿಮೆ ಹೇಳುವುದು ಉತ್ತರವಲ್ಲ.

ಉತ್ತರ ಎರಡು ತುಂಡಿನಲ್ಲಿದೆ. ಕೆಎಎಸ್, ಪಿಡಿಒ, ಪಿಎಸ್‌ಐ, ಎಫ್‌ಡಿಎ ಈ ಯಾವುದಕ್ಕೂ ನಿಮ್ಮ ಮೈನರ್ ಯಾವುದೆಂದು ಕೇಳುವುದಿಲ್ಲ, ಪದವಿ ಆಗಿದ್ದರೆ ಸಾಕು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಸ್ಥಳೀಯ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಇಲ್ಲಿನವರಿಗೆ ಮೀಸಲು, ಅದಕ್ಕೂ ಮೈನರ್‌ಗೂ ಸಂಬಂಧವಿಲ್ಲ. ಆದ್ದರಿಂದ ಸ್ಪರ್ಧಾತ್ಮಕ ಪರೀಕ್ಷೆಯ ಹೆಸರಿನಲ್ಲಿ ಇಷ್ಟವಿಲ್ಲದ ಮೈನರ್ ಹೊತ್ತುಕೊಳ್ಳುವ ಜರೂರತ್ತು ಇಲ್ಲ. ಯುಪಿಎಸ್‌ಸಿ ಕನಸಿದ್ದರೆ ಮಾತ್ರ ಸ್ವಲ್ಪ ಬೇರೆ. ಅಲ್ಲಿ ಮುಖ್ಯ ಪರೀಕ್ಷೆಯಲ್ಲಿ ಒಂದು ಐಚ್ಛಿಕ ವಿಷಯಕ್ಕೆ 500 ಅಂಕ. ಕನ್ನಡ ಸಾಹಿತ್ಯವೂ ಅದರಲ್ಲಿ ಒಂದು.

ಮೇಷ್ಟ್ರಾಗಬೇಕು ಅನ್ನುವವರು ಮತ್ತು ಎಂ.ಎ., ಎಂ.ಎಸ್‌ಸಿ. ಕಡೆ ಹೋಗುವವರು ಎಚ್ಚರವಾಗಿರಬೇಕಾದದ್ದು ಎರಡನೇ ತುಂಡಿನಲ್ಲಿ. ಬಿ.ಎಡ್.ನಲ್ಲಿ ಬೋಧನಾ ವಿಷಯ ಹಿಡಿಯುವಾಗ, ಹೈಸ್ಕೂಲು ನೇಮಕಾತಿಯಲ್ಲಿ ಅರ್ಜಿ ಹಾಕುವಾಗ ಪದವಿಯಲ್ಲಿ ಏನು ಓದಿದ್ದೀರಿ ಅಂತ ನೋಡುತ್ತಾರೆ. ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಕಾಂಬಿನೇಶನ್ ನಮ್ಮ ಕಡೆ ಇಷ್ಟು ಕಾಲ ಬಾಳಿದ್ದು ಯಾಕೆಂದರೆ ಸಮಾಜ ವಿಜ್ಞಾನದ ಮೇಷ್ಟ್ರಾಗಲು ಅದು ಸರಳ ದಾರಿ. ಸ್ನಾತಕೋತ್ತರ ಪ್ರವೇಶದಲ್ಲೂ ಹಾಗೇ, ಆ ವಿಷಯವನ್ನು ಪದವಿಯಲ್ಲಿ ಓದಿರಬೇಕು ಎಂಬ ಷರತ್ತು ಹಲವು ಕೋರ್ಸ್‌ಗಳಿಗಿದೆ. ಆದ್ದರಿಂದ ಮುಂದೆ ಹೋಗಬೇಕೆಂದಿರುವ ಕೋರ್ಸಿನ ಅಥವಾ ಹುದ್ದೆಯ ಅಧಿಸೂಚನೆಯ ಅರ್ಹತೆ ಕಲಂ ಅನ್ನು ಈಗಲೇ ಓದಿಕೊಳ್ಳಿ. ಮೂರು ವರ್ಷ ಆದ ಮೇಲೆ ಓದಿದರೆ ಅದು ಬರೀ ದುಃಖದ ಸಾಹಿತ್ಯ.

ಕಂಪ್ಯೂಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರೂ ಅದನ್ನೇ ಕೇಳುತ್ತಾರೆ. ಪ್ರೋಗ್ರಾಮಿಂಗ್ ಕಲಿಸುತ್ತಾರಾದರೆ ಒಳ್ಳೆಯದು. ಹೆಸರಿಗೆ ಕಂಪ್ಯೂಟರ್ ಇದ್ದು ಒಳಗೆ ವರ್ಡ್, ಎಕ್ಸೆಲ್ ಮಾತ್ರ ಇದ್ದರೆ ಅದಕ್ಕೆ ಐದರಲ್ಲೊಂದು ಪಾಲು ಪದವಿ ಕೊಡಬೇಕಾಗಿಲ್ಲ. ಎಂಜಿನಿಯರಿಂಗ್ ಓದುವವರ ಲೆಕ್ಕ ಬೇರೆಯದೇ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ ಪದ್ಧತಿಯಲ್ಲಿ ಮೈನರ್ ಎಂದರೆ ಪದವಿಯ ಮೇಲೆ ಹೆಚ್ಚುವರಿಯಾಗಿ 18ರಿಂದ 20 ಕ್ರೆಡಿಟ್. ಬ್ಯಾಕ್ ಉಳಿಸಿಕೊಂಡಿರುವ ಹುಡುಗರು ಆ ಹುಮ್ಮಸ್ಸನ್ನು ಸ್ವಲ್ಪ ತಡೆದುಕೊಳ್ಳುವುದು ವಾಸಿ.

ನಮ್ಮ ಸ್ಟಾಫ್ ರೂಮಿನ ಇಂಗ್ಲಿಷ್ ಸರ್ ನನ್ನ ಈ ಇಡೀ ವಾದವನ್ನು ಒಪ್ಪುವುದಿಲ್ಲ. "ಮೇಡಂರೀ, ನೀವು ಮೈನರ್‌ನೂ ದುಡಿಯಲಿಕ್ಕೇ ಹಚ್ತೀರಿ. ಒಂದ್ ವಿಷಯಾನಾದ್ರೂ ಸುಮ್ನ ಪ್ರೀತಿಯಿಂದ ಓದಲಿ ಬಿಡ್ರಿ" ಎನ್ನುತ್ತಾರೆ. ಅವರ ಮಾತಿನಲ್ಲಿ ತೂಕವಿದೆ. ನನ್ನ ತಕರಾರು ಇಷ್ಟೇ: ಹದಿನೆಂಟು ವರ್ಷದ ಹುಡುಗನಿಗೆ ಯಾವುದು ಪ್ರೀತಿ ಅಂತ ಹೇಗೆ ಗೊತ್ತಾಗಬೇಕು? ಪಿಯುಸಿ ತನಕ ಅವನು ಕಂಡಿರುವುದು ಬೆರಳೆಣಿಕೆಯ ವಿಷಯಗಳನ್ನು. ತತ್ತ್ವಶಾಸ್ತ್ರ, ಮಾನವಶಾಸ್ತ್ರ, ಭಾಷಾಶಾಸ್ತ್ರ ಎಂಬ ಹೆಸರುಗಳನ್ನು ಆ ಡ್ರಾಪ್‌ಡೌನ್ ಪಟ್ಟಿಯಲ್ಲೇ ಮೊದಲ ಬಾರಿ ನೋಡುತ್ತಾನೆ. ಅದಕ್ಕೆ ಸರ್ ಕೊಡುವ ಉತ್ತರ, "ಹಂಗಾದ್ರ ಮೊದಲ ವಾರ ಎಲ್ಲಾ ಕ್ಲಾಸಿಗೂ ಕೂಡಲಿ." ಈ ಒಂದು ಮಾತಿನಲ್ಲಿ ನಮ್ಮಿಬ್ಬರಿಗೂ ರಾಜಿ ಇದೆ. ಬೇರೆ ವಿಭಾಗದ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತರೆ ಯಾವ ಮೇಷ್ಟ್ರೂ ಎಬ್ಬಿಸುವುದಿಲ್ಲ. ತಲೆ ಎಣಿಕೆ ಹೆಚ್ಚಾಯಿತೆಂದು ಒಳಗೊಳಗೇ ಖುಷಿಪಡುತ್ತಾರೆ.

ಬೇಕಾದ ವಿಷಯ ನಿಮ್ಮ ಕಾಲೇಜಿನಲ್ಲಿ ಇಲ್ಲವೇ ಇಲ್ಲ ಎಂದಾದರೆ ಕೇಂದ್ರ ಸರ್ಕಾರದ 'ಸ್ವಯಂ' ಆನ್‌ಲೈನ್ ವೇದಿಕೆಯ ಕೋರ್ಸ್‌ಗಳನ್ನು ನೋಡಿ. ಒಂದು ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಅಲ್ಲಿಂದ ಮಾಡಲು 2021ರ ಯುಜಿಸಿ ನಿಯಮ ಅವಕಾಶ ಕೊಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ಅದನ್ನು ಒಪ್ಪಿ ಅಂಕಪಟ್ಟಿಗೆ ಸೇರಿಸುತ್ತದೆಯೇ ಎಂಬುದನ್ನು ಮಾತ್ರ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ. ಬಾಯಿಮಾತಿನ "ಆಗ್ತದ, ಆಗ್ತದ" ಪರೀಕ್ಷಾ ವಿಭಾಗದ ಕಿಟಕಿಯಲ್ಲಿ ನಡೆಯುವುದಿಲ್ಲ.

ಫಾರ್ಮ್ ತುಂಬುವ ಮುಂಚೆ ಒಂದು ಮಧ್ಯಾಹ್ನವನ್ನು ಇದಕ್ಕಾಗಿ ಇಡಿ. ಸಿಲೆಬಸ್ ನೋಡುವುದಕ್ಕಿಂತ ಹಳೆಯ ಪ್ರಶ್ನೆಪತ್ರಿಕೆ ನೋಡುವುದು ಲೇಸು. "ಟಿಪ್ಪಣಿ ಬರೆಯಿರಿ" ಎಂಬುದೇ ಮೊದಲಿಂದ ಕೊನೆಯವರೆಗೆ ಇದ್ದರೆ ಅಲ್ಲಿ ಕಂಠಪಾಠವೇ ನಡೆಯುತ್ತದೆ. "ಕೆಳಗಿನ ಕೋಷ್ಟಕದಿಂದ ಕಂಡುಹಿಡಿಯಿರಿ", "ಈ ಪದ್ಯವನ್ನು ವಿಶ್ಲೇಷಿಸಿರಿ", "ನಕ್ಷೆಯಲ್ಲಿ ಗುರುತಿಸಿರಿ" ಅಂತ ಕೆಲವಾದರೂ ಇದ್ದರೆ ಕೈಗೆ ಕೆಲಸವಿದೆ. ಸೀನಿಯರ್ ಒಬ್ಬರ ನೋಟ್‌ಬುಕ್ ಕೇಳಿ ತೆರೆದು ನೋಡಿ, ಪೂರ್ತಿ ಡಿಕ್ಟೇಶನ್ ಬರೆಸಿದ್ದಾರೋ ಇಲ್ಲ ಅವರೇ ಏನಾದರೂ ಗೀಚಿದ್ದಾರೋ ಅಂತ. ಕ್ಲಾಸ್ ಎಷ್ಟು ಗಂಟೆಗೆ, ನಿಮ್ಮ ಬಸ್ ಎಷ್ಟು ಗಂಟೆಗೆ, ಅದೂ ಕೇಳಿ.

ಮತ್ತೊಂದು ಪ್ರಶ್ನೆ ಇದೆ, ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹುಬ್ಬು ಗಂಟಿಕ್ಕಿದರೂ ಕೇಳಲೇಬೇಕು: ಹೋದ ವರ್ಷ ಈ ವಿಷಯದ ಮೊದಲ ಕ್ಲಾಸ್ ಯಾವ ತಿಂಗಳು ನಡೀತು? ಹಲವು ವಿಷಯಗಳಿಗೆ ಪಾಠ ಮಾಡುವವರು ಅತಿಥಿಗಳೇ. ನಮ್ಮ ನೇಮಕದ ಪಟ್ಟಿ ಬರುವ ಹೊತ್ತಿಗೆ ಸೆಮಿಸ್ಟರಿನ ಒಂದು ಭಾಗ ಕಳೆದುಹೋಗಿರುತ್ತದೆ. ಆ ಖಾಲಿ ವಾರಗಳು ಕ್ರೆಡಿಟ್ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ನನ್ನ ವಿಷಯಕ್ಕೂ ಇದನ್ನು ಕೇಳಿ. ನೇಮಕದ ಆದೇಶ ಬಂದ ದಿನವೇ ನಾನು ಕ್ಲಾಸ್ ಶುರು ಮಾಡುತ್ತೇನೆ. ಈ ವರ್ಷದ್ದು ಇದನ್ನು ಬರೆಯುವ ಹೊತ್ತಿಗೆ ಇನ್ನೂ ಬಂದಿಲ್ಲ.